ಖಾಲಿ ಬಂದ ಸುರುಳಿ

ಗುಂಡ್ಲುಪೇಟೆ, ನವೆಂಬರ್ 2005

ಮಾನ್ಯ ವಿಶಾಲಾಕ್ಷಿಯವರೇ,

ನೀವು ತೀರಿಕೊಂಡು ಎರಡು ವರ್ಷಗಳಾದವು. ಆದರೂ ಇದನ್ನು ನಿಮಗೇ ಒಪ್ಪಿಸಬೇಕಾಗಿದೆ.

ಕಳೆದ ವಾರ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ ಕಾರ್ತಿಕದ ಮಂಜನ್ನೂ ಹೊಂಬಣ್ಣಕ್ಕೆ ತಿರುಗಿದ ಹುಲ್ಲನ್ನೂ ನನ್ನ ಹಳೆಯ ಕ್ಯಾಮೆರಾದಲ್ಲಿ ತೆಗೆದೆ. ಸ್ಟುಡಿಯೋದ ಜಾಕಿರ್ ತನ್ನ ಡಿಜಿಟಲ್ ಕ್ಯಾಮೆರಾ ಕೊಡಲು ಬಂದಿದ್ದ. ತಿದ್ದಲು ಬರುವ ಚಿತ್ರವನ್ನು ನಾನು ನಂಬುವುದಿಲ್ಲ, ಫಿಲ್ಮು ಸುಳ್ಳಾಡುವುದಿಲ್ಲ ಎಂದೆ.

ಇಂದು ಅವನು ತೊಳೆದ ಫಿಲ್ಮಿನ ಸುರುಳಿಯನ್ನು ಮುಂದಿಟ್ಟ. ಒಂದು ಚಿತ್ರವೂ ಇರಲಿಲ್ಲ. ನನ್ನ ಸುರುಳಿಯನ್ನು ಬಚ್ಚಿಟ್ಟು ಬೇರೊಂದನ್ನು ತೋರಿಸುತ್ತಿರಬೇಕೆಂದೇ ಶಂಕಿಸಿದೆ. ಹನ್ನೊಂದು ವರ್ಷಗಳ ಹಿಂದೆ ನಿಮ್ಮನ್ನೂ ಹಾಗೆಯೇ ಶಂಕಿಸಿದ್ದೆ. ಅದೇ ಬೆಟ್ಟದಲ್ಲಿ, ಇದೇ ಕ್ಯಾಮೆರಾದಲ್ಲಿ, ನನ್ನ ತಾಯಿಯ ಕೊನೆಯ ಚಿತ್ರಗಳನ್ನು ತೆಗೆದವರು ನೀವು. ಸುರುಳಿ ಖಾಲಿ ಬಂದಿದೆ ಎಂದಿರಿ. ಮರುವರ್ಷ ನಿಮ್ಮ ಬೆಟ್ಟದ ಚಿತ್ರವೊಂದಕ್ಕೆ ಮೈಸೂರಿನಲ್ಲಿ ಬಹುಮಾನ ಬಂದಾಗ, ಅದು ಆ ಸುರುಳಿಯದೇ ಎಂದುಕೊಂಡು, ನಾವಿಬ್ಬರೂ ಪಾಠ ಮಾಡುತ್ತಿದ್ದ ಶಾಲೆಯ ಶಿಕ್ಷಕರ ಕೊಠಡಿಯಲ್ಲಿ ಎಲ್ಲರೆದುರು ನಿಮ್ಮನ್ನು ಕಳ್ಳಿ ಎಂದೆ.

"ಕ್ಯಾಮೆರಾದಲ್ಲಿ ಚಿತ್ರ ಎಣಿಸುವ ಅಂಕಿ ಮೂವತ್ತಾರು ಮುಟ್ಟಿತ್ತು. ಖಾಲಿ ಹೇಗಾದೀತು?" ಎಂದು ಜಾಕಿರನನ್ನು ಗದರಿದೆ.

"ನಂಬರ್ ಓಡ್ತದೆ ಟೀಚರಮ್ಮ, ರೀಲು ಓಡ್ಬೇಕಲ್ಲ! ರೀಲಿನ ತುದೀನ ಒಳಗಿನ ಚಕ್ರದ ಹಲ್ಲಿಗೆ ಸಿಕ್ಕಿಸ್ದೆ ಮುಚ್ಬುಟ್ಟವ್ರೆ. ಯಾರು ಹಾಕಿದ್ದು?"

ಬೆಳಕು ಬೀಳದಂತೆ ತಟ್ಟನೆ ಮುಚ್ಚಳ ಹಾಕುವುದು ನನ್ನ ಪದ್ಧತಿ. ಆ ವರ್ಷವೂ ಸುರುಳಿಯನ್ನು ತುಂಬಿ ನಿಮ್ಮ ಕೈಗೆ ಕೊಟ್ಟವಳು ನಾನೇ. ನಿಮಗದು ತಿಳಿದಿತ್ತು. ಅಂದು ಆ ಕೊಠಡಿಯಲ್ಲಿ, ಅಷ್ಟು ಜನರ ಮುಂದೆ, ನೀವು ಅದನ್ನು ಹೇಳಬಹುದಿತ್ತು.