ಕಂಬಳಿ ಬೇಡದ ಬೆಣ್ಣೆ

ಹಿತ್ತಲ ಕೋಣೆಯಿಂದ,
ಇಪ್ಪತ್ತೊಂದನೆಯ ತಾರೀಖು, ಬುಧವಾರ ಮಧ್ಯಾಹ್ನ

ಪ್ರೀತಿಯ ತಂಗೀ,

ನಿನ್ನ ಮಂಡಿನೋವು ಈಗ ಹೇಗಿದೆ? ಮೆಟ್ಟಿಲು ಹತ್ತಬೇಡವೆಂದು ವೈದ್ಯರು ಹೇಳಿದ್ದನ್ನು ನೀನು ಕಿವಿಗೆ ಹಾಕಿಕೊಂಡಿರಲಾರೆ. ಚಿಕ್ಕಂದಿನಿಂದಲೂ ನಿನಗೆ ಬೇಡವೆಂದದ್ದೇ ಬೇಕು. ಇಲ್ಲಿ ನಾವಿಬ್ಬರೂ ಕ್ಷೇಮ. ನಿನ್ನ ಮಗಳು ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ, ಮಲಗುತ್ತಾಳೆ. ಉಳಿದ ಹೊತ್ತೆಲ್ಲ ನನ್ನ ಒಲೆಯ ಮುಂದೆ ಇರುತ್ತಾಳೆ.

ಈ ತಿಂಗಳ ಕೊನೆಯೊಳಗೆ ಮೈಗೆ ಹಚ್ಚುವ ಬೆಣ್ಣೆಯ ಒಂದು ಡಬ್ಬಿಯಾದರೂ ಯಾರಾದರೂ ಒಪ್ಪುವಂತೆ ಮಾಡಿ ತೋರಿಸದಿದ್ದರೆ ಒಂದನೇ ತಾರೀಖಿಗೆ ನೀನು ಗೊತ್ತುಮಾಡಿದ ಕಚೇರಿಗೆ ಸೇರಬೇಕೆಂದು ಅವಳಿಗೆ ಗಡುವು ಕೊಟ್ಟಿದ್ದೀಯಲ್ಲ, ಆ ಡಬ್ಬಿಯ ಸಂಗತಿಯನ್ನೇ ಬರೆಯುತ್ತಿದ್ದೇನೆ. ಒಪ್ಪಬೇಕಾದವರು ಎದುರು ಬೀದಿಯ ವೃದ್ಧಾಶ್ರಮದ ದಾದಿ. ಅಲ್ಲಿನ ಅಜ್ಜಿಯರ ಒಣಚರ್ಮಕ್ಕೆ ಅಂಗಡಿಯ ಕ್ರೀಮು ಉರಿ ತರುತ್ತದೆಂದು ಅವರು ಮನೆಯಲ್ಲೇ ಮಾಡಿದ ಬಾಡಿ ಬಟರ್ ಕೇಳಿದ್ದರು. ಮೊದಲ ಎರಡು ಡಬ್ಬಿಗಳನ್ನು ಹಾಗೆಯೇ ಹಿಂದಕ್ಕೆ ತಂದುಕೊಟ್ಟರು. "ಪರಿಮಳ ಚೆನ್ನಾಗಿದೆ ಕಣಮ್ಮ, ಆದ್ರೆ ಮರಳು ಉಜ್ಜಿದ ಹಾಗಾಗತ್ತೆ. ನಮ್ಮ ಅಜ್ಜಿಯರ ಚರ್ಮ ಕಾಗದ ಇದ್ದ ಹಾಗೆ" ಎಂದರು. ಹುಡುಗಿ ಆ ದಿನ ಊಟ ಬಿಟ್ಟಳು.

ಅವಳು ಬಳಸುವುದು ಶಿಯಾ ಬೆಣ್ಣೆ ಎಂಬ, ಮರದ ಬೀಜದಿಂದ ತೆಗೆದ ಗಟ್ಟಿ ಜಿಡ್ಡು. ಅದನ್ನು ಬಿಸಿನೀರಿನ ಮೇಲಿಟ್ಟು ಕರಗಿಸಿ, ಬಾದಾಮಿ ಎಣ್ಣೆ ಬೆರೆಸಿ, ಆರಿದ ಮೇಲೆ ಹಗುರಾಗುವವರೆಗೆ ಕಡೆಯಬೇಕು. ಮೂವತ್ತು ವರ್ಷ ಸಾಬೂನು ಮಾಡಿದ ನಾನು ಅವಳಿಗೆ ಗುರು. ಅಚ್ಚಿಗೆ ಸುರಿದ ಸಾಬೂನಿಗೆ ಕಂಬಳಿ ಹೊದಿಸಿ, ಕಾವು ನಿಧಾನವಾಗಿ ಇಳಿಯುವಂತೆ ನೋಡಿಕೊಳ್ಳುವುದು ನಮ್ಮ ಕಸುಬಿನ ಮೊದಲ ಪಾಠ. ಅದನ್ನೇ ಇಲ್ಲಿಗೂ ತಂದೆ. ಅವಳ ಪಾತ್ರೆಗಳಿಗೆ ನಾನೇ ಕಂಬಳಿ ಸುತ್ತುತ್ತಿದ್ದೆ, ಎಳೆಗೂಸಿಗೆ ಸುತ್ತುವಂತೆ. ಪ್ರತಿಸಲವೂ ಒಳಗೆ ಕಾಳುಕಾಳು.

ಹೋದ ಗುರುವಾರ ತೊಳೆಯಲೆಂದು ತಣ್ಣೀರಿಗೆ ಹಾಕಿದ್ದ ಸೌಟಿನ ಬೆನ್ನಿನಲ್ಲಿ ಒಂದಿಷ್ಟು ಜಿಡ್ಡು ಉಳಿದಿತ್ತು. ನಾನಾಗಿದ್ದರೆ ಉಜ್ಜಿ ತೊಳೆದುಬಿಡುತ್ತಿದ್ದೆ. ಅವಳು ಅದನ್ನು ಬೆರಳಿನಲ್ಲಿ ತೆಗೆದು ಮಣಿಕಟ್ಟಿಗೆ ಸವರಿ, ಮತ್ತೆ ಮತ್ತೆ ಉಜ್ಜಿ ನೋಡಿದಳು. ಒಂದು ಕಾಳೂ ಇರಲಿಲ್ಲ. ಆಮೇಲೆ, ನನ್ನ ಮನಸ್ಸು ನೋಯಬಾರದೆಂಬಂತೆ ಮೆಲ್ಲಗೆ ಹೇಳಿದಳು: "ಮಾವ, ಸೋಪಿಗೆ ಕಂಬಳಿ ಬೇಕು. ಇದಕ್ಕೆ ಚಳಿ ಬೇಕು ಅನ್ಸತ್ತೆ."

ತಂಗೀ, ಆ ವಿನಯವನ್ನು ನಾನು ಎಷ್ಟೆಂದು ಹೊಗಳಲಿ! ಮಾತಿನಲ್ಲಿ ವಾದಿಸದೆ ಮೂರು ಸಲ ಮಾಡಿ ತೋರಿಸಿದಳು. ಕರಗಿದ ಪಾತ್ರೆಯನ್ನು ಐಸು ತುಂಬಿದ ಬೋಗುಣಿಯಲ್ಲಿಟ್ಟು ಕೈ ನಿಲ್ಲಿಸದೆ ಕಲಕಿದಳು. ಅಂಚು ಬಿಳಿಚಿಕೊಂಡು ನಡುಭಾಗ ಗಟ್ಟಿಮೊಸರಿನಷ್ಟಾದಾಗ ಹೊರತೆಗೆದು ಕಡೆದಳು. ಇನ್ನೂ ಸ್ವಲ್ಪ ತಡೆದರೆ ಕಲ್ಲಾಗುತ್ತದೆ, ಅವಸರಪಟ್ಟರೆ ನೀರಾಗುತ್ತದೆ. ಆ ಕ್ಷಣ ಅವಳ ಮಣಿಕಟ್ಟಿಗೆ ತಿಳಿಯುತ್ತದೆ, ನನಗೆ ಈಗಲೂ ತಿಳಿಯದು.

ನಿನ್ನೆ ದಾದಿಯೊಡನೆ ನಾವೂ ಹೋಗಿದ್ದೆವು. ಆಶ್ರಮದಲ್ಲೇ ಮುಂಗೋಪಿಯೆಂದು ಹೆಸರಾದ ಅಜ್ಜಿಯ ಎಡಗೈಗೆ ಸವರಿದರು. ಅಜ್ಜಿ ಕೈಯನ್ನು ಮೂಸಿ, ತಿರುಗಿಸಿ ನೋಡಿಕೊಂಡರು. ದಾದಿ ಮುಚ್ಚಳ ಹಾಕಲು ಹೊರಟಾಗ ಅಜ್ಜಿ ಗದರಿದರು: "ಇನ್ನೊಂದು ಕೈ ಏನು ಪಾಪ ಮಾಡಿತ್ತು?" ದಾದಿ ನಗುತ್ತ, ವಾರಕ್ಕೆ ನಾಲ್ಕು ಡಬ್ಬಿ ಬೇಕೆಂದರು. ನಿನ್ನ ಮಗಳು ಬಾಗಿಲ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಭಾವನವರಿಗೆ ನನ್ನ ನಮಸ್ಕಾರ. ನೀನು ಕಾಲು ಚಾಚಿ ಕುಳಿತು ಓದು, ನೂರ್ಕಾಲ ಸುಖವಾಗಿರು.

ನಿನ್ನ ಅಣ್ಣ

ಮರೆತೆ: ಹೋದ ತಿಂಗಳ ಪತ್ರದಲ್ಲಿ "ಹುಡುಗಿಗೆ ತಾಳ್ಮೆ ಸಾಲದು, ಕೈಯಲ್ಲಿ ಹದವಿಲ್ಲ" ಎಂದು ಬರೆದಿದ್ದೆ. ಅದನ್ನು ನಂಬಿಯೇ ನೀನು ಗಡುವು ಹಾಕಿದೆ. ಆ ತಪ್ಪು ಅವಳದಲ್ಲ, ನನ್ನ ಪಾಠದ್ದು. ನಾನು ಹಾಗೆ ಬರೆದದ್ದನ್ನು ಇಂದು ಬೆಳಿಗ್ಗೆ ಅವಳಿಗೂ ಹೇಳಿ ಕ್ಷಮೆ ಕೇಳಿದೆ. ಗಡುವು ಗೆದ್ದರೂ ಇಲ್ಲೇ ಉಳಿಯುತ್ತೇನೆಂದು ನಿನಗೆ ಹೇಳಲು ಅವಳಿಗೆ ಹೆದರಿಕೆ. ಆದ್ದರಿಂದ ನಾನು ಕೇಳುತ್ತಿದ್ದೇನೆ: ಅವಳು ಬರುವುದಿಲ್ಲವೆಂದು ಆ ಕಚೇರಿಯವರಿಗೆ ನೀನೇ ತಿಳಿಸಿಬಿಡು.