ಅರ್ಧ ಕೇಳಿದ ಮಾತು

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಕ್ಕನಿಗೆ,

ಹನ್ನೊಂದು ತಿಂಗಳಿಂದ ಒಂದು ಫೋನು ಕೂಡ ಮಾಡದವಳು ಇದ್ದಕ್ಕಿದ್ದಂತೆ ಕಾಗದ ಬರೆದಿದ್ದಾಳಲ್ಲ, ಏನು ಕಾದಿದೆಯೋ ಎಂದು ನೀನು ನಿಂತೇ ಓದುತ್ತಿರುತ್ತೀಯ. ಕುಳಿತುಕೋ ಅಕ್ಕಾ. ಇದನ್ನು ಫೋನಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ.

ಕೆಲಸ ಜಾಸ್ತಿ, ಬಿಡುವಿಲ್ಲ ಎಂದು ಅಮ್ಮನ ಕೈಲಿ ಹೇಳಿಸುತ್ತಿದ್ದೆನಲ್ಲ, ಅದು ಸುಳ್ಳು. ನಿನ್ನ ಮುಖ ನೋಡಲು ಇಷ್ಟವಿರಲಿಲ್ಲ.

ನನ್ನ ಸಂಶೋಧನೆ ಏನೆಂದು ನೀನು ಕೇಳಿದಾಗಲೆಲ್ಲ "ನಿಂಗೆ ಅರ್ಥ ಆಗಲ್ಲ ಬಿಡು" ಎಂದು ಹಾರಿಸಿಬಿಡುತ್ತಿದ್ದೆ. ಅರ್ಥವಾಗದಂಥದ್ದೇನೂ ಇಲ್ಲ. ಹಡಗಿಗೆ ಹೋಗುವ ಮಾತು ಉಪಗ್ರಹದ ಮೂಲಕ ಹೋಗುತ್ತದೆ. ಉಪಗ್ರಹ ಅದನ್ನು ಒಬ್ಬರ ಕಿವಿಗೆ ಮಾತ್ರ ಹಾಕುವುದಿಲ್ಲ, ಬೆಳದಿಂಗಳ ಹಾಗೆ ದೇಶದೇಶಗಳ ಮೇಲೆ ಚೆಲ್ಲುತ್ತದೆ. ಹಾಗಾಗಿ ಮಾತಿಗೆ ಬೀಗ ಹಾಕಿ ಕಳಿಸಬೇಕು. ಎಷ್ಟೋ ಕಡೆ ಹಾಕುವುದೇ ಇಲ್ಲ ಎಂದು ತೋರಿಸುವುದು ನನ್ನ ಕೆಲಸ. ನಮ್ಮ ವಿಭಾಗದ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ, ಟೀವಿಗೆ ಇಡುವಂಥದೇ ಒಂದು ಡಿಶ್ ಇಟ್ಟು ಬಿದ್ದದ್ದನ್ನೆಲ್ಲ ಧ್ವನಿಮುದ್ರಿಸಿಕೊಳ್ಳುತ್ತಿದ್ದೆವು. ಬೀಗ ಇದೆಯೋ ಇಲ್ಲವೋ, ಅಷ್ಟನ್ನೇ ನೋಡಬೇಕು. ಒಳಗಿನ ಮಾತು ಕೇಳಕೂಡದು. ಹಾಗೆಂದು ನಾನೇ ಸಹಿ ಹಾಕಿಕೊಟ್ಟಿದ್ದೆ. ಭಾವನಿಗೆ ಇದನ್ನು ವಿವರಿಸಿದಾಗ, "ಆಕಾಶಕ್ಕೆ ಏಣಿ ಹಾಕೋರನ್ನ ಬೇಕಾದಷ್ಟು ನೋಡಿದೀನಿ ಕಣೇ, ಕಿವಿ ಹಚ್ಚೋಳನ್ನ ಇವತ್ತೇ ನೋಡಿದ್ದು" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಭಾವನ ಹಡಗು ಮುಳುಗಿದ ಸುದ್ದಿ ಬಂದ ವಾರ ನಿನ್ನ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಂದವರಿಗೆಲ್ಲ ನೀನು ಒಂದೇ ಮಾತು ಹೇಳುತ್ತಿದ್ದೆ: "ಒಂಬತ್ತು ದಿನದ ಹಿಂದೆ ಫೋನ್ ಮಾಡಿದ್ರು. ಚೆನ್ನಾಗೇ ಮಾತಾಡಿದ್ರು, ನಗ್ತಾ ಇದ್ರು."

ಆ ನಗುವಿನ ಆಸೆಗೆ ನಾನು ಕೆಟ್ಟೆ ಅಕ್ಕಾ. ನಮ್ಮ ಧ್ವನಿಮುದ್ರಿಕೆಗಳ ಪಟ್ಟಿಯಲ್ಲಿ ಭಾವನ ಹಡಗಿನ ಹೆಸರಿದೆಯೇ ಎಂದು ಹುಡುಕಿದೆ. ಇತ್ತು. ನೀನು ಹೇಳಿದ ದಿನವೂ ಇತ್ತು. ದಡದಿಂದ ಹಡಗಿಗೆ ಹೋಗುವ ಮಾತಷ್ಟೇ ನಮ್ಮ ಡಿಶ್ಶಿಗೆ ಬೀಳುವುದು, ಹಡಗಿನಿಂದ ಬರುವುದು ಬೀಳುವುದಿಲ್ಲ. ಅದು ಗೊತ್ತಿದ್ದೂ, ಪ್ರತಿಧ್ವನಿಯಲ್ಲಾದರೂ ಭಾವನ ದನಿ ಸಿಕ್ಕೀತೆಂದು ಕಿವಿಗೆ ಹಾಕಿಕೊಂಡೆ. ಸಿಕ್ಕಿದ್ದು ನಿನ್ನ ದನಿ.

"ಇನ್ನೂ ಆರು ತಿಂಗಳಾ?" ಎಂದೆ ನೀನು. ಆಮೇಲೆ ಮೌನ. ಅಲ್ಲಿ ಭಾವ ಏನೋ ಹೇಳುತ್ತಿರಬೇಕು. "ಬೇಡ, ಕಾರಣ ಹೇಳ್ಬೇಡಿ. ಬರೋದಿದ್ರೆ ಈಗ ಬನ್ನಿ, ಇಲ್ದಿದ್ರೆ ಬರಲೇಬೇಡಿ. ನೀವಿಲ್ದೆ ಇರೋದು ನಂಗೆ ಅಭ್ಯಾಸ ಆಗಿದೆ."

ಅಲ್ಲಿಗೆ ಹೆಡ್‌ಫೋನನ್ನು ಕಿವಿಯಿಂದ ಕಿತ್ತೆಸೆದೆ. ಬಂದವರ ಮುಂದೆ ನೀನು ಕಟ್ಟಿದ ಸುಳ್ಳು ನೆನಪಾಗಿ ಮೈಯೆಲ್ಲ ಉರಿಯಿತು. ಸಾಯುವವರಿಗೆ ಹೇಳುವ ಮಾತೇ ಇದು ಎಂದುಕೊಂಡೆ. ಸಾಯುವವರೆಂದು ನಿನಗೇನು ಗೊತ್ತಿತ್ತು! ಅಷ್ಟೂ ಯೋಚಿಸಲಿಲ್ಲ. ನೀನು ಎರಡು ಸಲ ನಮ್ಮ ಬಾಗಿಲಿಗೆ ಬಂದಾಗ ಒಳಗಿದ್ದೂ ತೆರೆಯಲಿಲ್ಲ. ಕಿಂಡಿಯಿಂದ ನೋಡಿದ್ದೆ. ಎಷ್ಟು ಸೊರಗಿದ್ದೆ ನೀನು.

ಹೋದ ಗುರುವಾರ ವಿಭಾಗಕ್ಕೆ ಒಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಆ ಹಡಗಿನ ಅಡುಗೆಯವರು, ಬದುಕುಳಿದ ನಾಲ್ವರಲ್ಲಿ ಒಬ್ಬರು. ನಿನ್ನೆದುರು ನಿಲ್ಲಲು ಧೈರ್ಯ ಸಾಲದೆ, ಭಾವ ಆಗಾಗ ಹೊಗಳುತ್ತಿದ್ದ ನಾದಿನಿಯನ್ನು ವಿಚಾರಿಸಿಕೊಂಡು ಬಂದಿದ್ದರು. ಚಹಾದ ಲೋಟ ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದರು: "ಅವತ್ತು ಫೋನ್ ಇಟ್ಟೋರೇ ಸೀದಾ ಕ್ಯಾಪ್ಟನ್ ಹತ್ರ ಹೋದ್ರು ಕಣಮ್ಮ. ಇನ್ನಾರು ತಿಂಗಳು ಇರ್ತೀನಿ ಅಂತ ಬರ್ಕೊಟ್ಟಿದ್ದ ಕಾಗದ ವಾಪಸ್ ಇಸ್ಕೊಂಡ್ರು. 'ಮನೇಲಿ ಬರಲೇಬೇಡಿ ಅಂದಿದಾಳೆ, ಅಂದ್ಮೇಲೆ ಹೋಗ್ಲೇಬೇಕು' ಅಂದ್ರು. ಮುಂದಿನ ಬಂದರಲ್ಲಿ ಇಳಿಯೋರಿದ್ರು. ಬ್ಯಾಗ್ ಕಟ್ಟಿ ಇಟ್ಟಾಗಿತ್ತು."

ಅವರು ಹೋದ ಮೇಲೆ ಪ್ರಯೋಗಾಲಯದ ಬಾಗಿಲು ಹಾಕಿಕೊಂಡು ಅತ್ತೆ. ಹಡಗು ಮುಳುಗಿದ ಜಾಗದಿಂದ ಆ ಬಂದರು ಎರಡೇ ದಿನದ ದಾರಿಯಾಗಿತ್ತಂತೆ.

ಅಕ್ಕಾ, ಭಾವ ನಿನ್ನ ಮೇಲೆ ಮುನಿಸಿಕೊಂಡು ಹೋಗಲಿಲ್ಲ. ನಿನ್ನ ಮಾತು ಕೇಳಿ ಹೊರಟು ನಿಂತಿದ್ದರು. ಇದನ್ನು ಹೇಳಲೆಂದೇ ಈ ಕಾಗದ. ಆದರೆ ನನ್ನ ಕಳ್ಳತನ ಮುಚ್ಚಿಟ್ಟು ಇದನ್ನಷ್ಟೇ ಹೇಳಿದ್ದರೆ ಮತ್ತೊಂದು ಸುಳ್ಳಾಗುತ್ತಿತ್ತು. ನೀನು ಗಂಡನಿಗೆ ಮಾತ್ರ ಆಡಿದ ಮಾತನ್ನು ನಾನು ಕದ್ದು ಕೇಳಿದೆ; ಅರ್ಧ ಕೇಳಿ ಪೂರ್ತಿ ತೀರ್ಪು ಕೊಟ್ಟೆ. ನಿನ್ನೆ ನಮ್ಮ ಮೇಷ್ಟ್ರಿಗೂ ಎಲ್ಲ ಹೇಳಿದೆ. "ಯಾರ ಖಾಸಗಿ ಮಾತನ್ನೂ ಆಲಿಸಿಲ್ಲ" ಎಂದು ಬರೆದಿದ್ದ ಪ್ರಬಂಧವನ್ನು ಹಿಂದಕ್ಕೆ ಪಡೆದಿದ್ದೇವೆ. ಮೇಷ್ಟ್ರು ಬಯ್ಯಲಿಲ್ಲ, ಕನ್ನಡಕ ತೆಗೆದು ಒರೆಸುತ್ತಾ ಕೂತರು. ಐದು ವರ್ಷದ ಕೆಲಸ. ಮುಂದೇನೋ ಗೊತ್ತಿಲ್ಲ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಭಾನುವಾರ ಬರುತ್ತೇನೆ. ಬಾಗಿಲು ತೆರೆಯದಿದ್ದರೂ ತಪ್ಪು ತಿಳಿಯುವುದಿಲ್ಲ.

ನಿನ್ನ ತಂಗಿ

ಮತ್ತೊಂದು ಮಾತು: ಆ ಧ್ವನಿಮುದ್ರಿಕೆಯನ್ನು ಇವತ್ತು ಬೆಳಿಗ್ಗೆ ಅಳಿಸಿದೆ. ಅಳಿಸುವ ಮುನ್ನ, ತಪ್ಪೆಂದು ಗೊತ್ತಿದ್ದೂ, ಮೊದಲ ಬಾರಿ ಕೊನೆಯವರೆಗೆ ಕೇಳಿದೆ. "ಅಭ್ಯಾಸ ಆಗಿದೆ" ಎಂದ ಮೇಲೆ ನೀನು ಫೋನು ಇಟ್ಟಿರಲಿಲ್ಲ ಅಕ್ಕಾ. ತುಂಬ ಹೊತ್ತು ಬರೀ ಉಸಿರಾಡುತ್ತಿದ್ದೆ. ಆಮೇಲೆ ಮೆಲ್ಲಗೆ, "ಊಟ ಆಯ್ತಾ?" ಎಂದು ಕೇಳಿದೆ. ಅದಕ್ಕೆ ಭಾವ ಏನಂದರೋ ನನ್ನ ಬಳಿ ಇಲ್ಲ. ಅದು ನಿನ್ನ ಬಳಿ ಮಾತ್ರ ಇದೆ.