ಬಾಲಕ್ಕೆ ಕಟ್ಟಿದ ಶುಕ್ರವಾರ

ಅಕ್ಕಾ, ಗಟ್ಟಿಮುಟ್ಟಾಗಿದ್ದೇನೆ. ಸೋಪಿನ ನೀರಿಗೆ ಅಂಗೈ ಒಡೆದಿದೆ, ಅಷ್ಟೆ.

ನಾವು ‘ನಾಳೆ’, ‘ಸಂಜೆ’ ಎಂದು ಮೊದಲೇ ಹೇಳಿ ಮಾತಿಗಿಳಿಯುತ್ತೇವಲ್ಲ, ಈ ಪರದೇಶದಲ್ಲಿ ಇಲ್ಲಿಯವರು ತಮ್ಮ ಭಾಷೆಯಲ್ಲಿ ಅದನ್ನು ಮಾತಿನ ಬಾಲಕ್ಕೆ ಕಟ್ಟುತ್ತಾರೆ. ಮೊನ್ನೆ ನಮ್ಮ ಲಾಂಡ್ರಿಯ ಮೇಲ್ವಿಚಾರಕಿ, “ಎಲ್ರೂ ಬೇಗ ಮನೆಗೆ ಹೋಗ್ಬಹುದು” ಎಂದಳು. ನಾನು ಏಪ್ರನ್ ಬಿಚ್ಚಿ ಬಾಗಿಲಿಗೆ ಓಡಿದೆ. ಉಳಿದವರು ಕದಲಲಿಲ್ಲ. ಆಕೆ ಸಾವಕಾಶವಾಗಿ ಮೂಗು ಒರೆಸಿಕೊಂಡು, “ಶುಕ್ರವಾರ” ಎಂದಳು. ಅವತ್ತು ಸೋಮವಾರ! ಎಲ್ಲರೂ ಬಿದ್ದು ಬಿದ್ದು ನಕ್ಕರು.

ಆದರೂ ಇವರ ಕ್ರಮ ಒಳ್ಳೆಯದೇ ಕಣಕ್ಕ. “ಅಮ್ಮನ್ನ ನೋಡ್ಕೊಳ್ಳೋ ಸರದಿ ಇನ್ನು ನಿಂದು, ಯಾವಾಗ ಬರ್ತೀಯ?” ಎಂದು ಕೇಳಿದ್ದೀಯ. ಬಂದೇ ಬರುತ್ತೇನೆ, ಅಮ್ಮನಿಗೂ ಹೇಳು. ಯಾವಾಗ ಎಂಬುದನ್ನು ಇಲ್ಲಿಯವರ ಹಾಗೆ ಕೊನೆಗೆ ಬರೆಯೋಣವೆಂದಿದ್ದೆ. ಈ ಪೋಸ್ಟ್‌ಕಾರ್ಡಿನಲ್ಲಿ ಜಾಗವೇ ಮುಗಿಯಿತು.

ನಿನ್ನ ತಮ್ಮ